ಎಳ್ಳಿನ ಭಾನುವಾರದ ಹಾಜರಿ

ಮೊನ್ನೆ ನೆರೂಳಿನ ನಮ್ಮ ಸೊಸೈಟಿ ಆಫೀಸಿಗೆ ಹೋಗಿದ್ದೆ. ಗ್ಯಾಸ್ ಕನೆಕ್ಷನ್ನಿನ ಹೆಸರು ಬದಲಿಸಲು ಒಂದು ಕಾಗದ ಬೇಕಿತ್ತು, ನಾನು ಇಲ್ಲೇ ಇರುವವಳು ಎಂದು ಸೆಕ್ರೆಟರಿಯ ಸಹಿ. ಇಪ್ಪತ್ತೆರಡು ವರ್ಷದಿಂದ ಅದೇ ಮೂರನೇ ಮಹಡಿಯಲ್ಲಿದ್ದೇನೆ, ಆ ಮನುಷ್ಯ ದಿನಾ ಲಿಫ್ಟಿನಲ್ಲಿ ನನ್ನ ಮುಖ ನೋಡುತ್ತಾನೆ, ಆದರೂ ಕಾಗದ ಬೇಕು. ಆತ ಮೇಜಿನ ಖಾನೆಯಿಂದ ತಗಡಿನ ಸ್ಟ್ಯಾಂಪ್ ಪ್ಯಾಡ್ ತೆಗೆದ. ಒಣಗಿತ್ತು. ಸಣ್ಣ ಬಾಟಲಿಯಿಂದ ನಾಲ್ಕು ಹನಿ ನೇರಳೆ ಶಾಯಿ ಸುರಿದು, ಮೊಹರನ್ನು ಎರಡು ಸಲ ಒತ್ತಿದ. ಆಗ ಬಂತು ಆ ವಾಸನೆ... ಸ್ವಲ್ಪ ಸ್ಪಿರಿಟ್, ಸ್ವಲ್ಪ ಒದ್ದೆ ಬಟ್ಟೆ. ನಾನು ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟೆ. "ಮ್ಯಾಡಮ್, ಪಾನೀ?" ಎಂದ ಆತ. ಬೇಡ ಅಂದೆ.

ಅಕ್ಕೋರ ಬಲಗೈಯ ಹೆಬ್ಬೆರಳು ಯಾವಾಗಲೂ ಇದೇ ಬಣ್ಣದಲ್ಲಿರುತ್ತಿತ್ತು. ಮೊಹರು ಒತ್ತುವಾಗ ಪ್ಯಾಡಿನ ಅಂಚನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯುವ ಅಭ್ಯಾಸ ಅವರದು. ಸಾಬೂನು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಅವರ ಮನೆಯ ಚಪಾತಿಯೂ ನೇರಳೆ ಬಣ್ಣದ್ದೇ ಇರಬೇಕು ಎಂದು ನಾವು ಹುಡುಗಿಯರು ಪಿಸುಗುಟ್ಟಿ ನಗುತ್ತಿದ್ದೆವು. ನಮ್ಮ ಶಾಲೆಯ ಮುಖ್ಯ ಶಿಕ್ಷಕಿ, ಗುಮಾಸ್ತೆ, ಬೇಕೆಂದಾಗ ಗಂಟೆ ಬಾರಿಸುವವರು, ಎಲ್ಲ ಅವರೊಬ್ಬರೇ. ಬಿಜಾಪುರದ ಕಡೆ ಶಾಲೆ ಕಲಿಸುವ ಹೆಂಗಸನ್ನು ಅಕ್ಕೋರು ಅನ್ನುತ್ತಾರೆ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ ಆಡುತ್ತಿದ್ದ ನಮ್ಮಂಥವರ ಬಾಯಲ್ಲೂ ಅದೇ ಕೂತುಬಿಟ್ಟಿತು.

ಶಾಲೆ ಅಂದರೆ ದೊಡ್ಡದೇನೂ ಅಲ್ಲ. ಕೋಪರಿಯಲ್ಲಿ, ಠಾಣೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಚಾಳು, ಅದರ ನೆಲಮಹಡಿಯ ನಾಲ್ಕು ಖೋಲಿಗಳು. ಒಂದರಿಂದ ಏಳನೇ ತರಗತಿಯವರೆಗೆ ಕನ್ನಡದಲ್ಲಿ ಪಾಠ. ಸರಕಾರದ ಅನುದಾನವಿರಲಿಲ್ಲ, ನಾಲ್ಕಾರು ಕನ್ನಡಿಗರು ಸೇರಿ ಹೇಗೋ ನಡೆಸುತ್ತಿದ್ದರು. ಮಕ್ಕಳಲ್ಲಿ ಎರಡು ಬಗೆ. ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ಇದ್ದವರ ಮಕ್ಕಳು ಒಂದು ಬಗೆ. ನಾನು ಆ ಪೈಕಿ, ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್. ಗುಲ್ಬರ್ಗಾ, ರಾಯಚೂರು, ಬಿಜಾಪುರದಿಂದ ಕಟ್ಟಡದ ಕೆಲಸಕ್ಕೆ, ಹಮಾಲಿಗೆ ಬಂದವರ ಮಕ್ಕಳು ಇನ್ನೊಂದು ಬಗೆ. ಅವರು ಒಂದು ದಿನ ಬರುತ್ತಿದ್ದರು, ಒಂದು ದಿನ ಇಲ್ಲ. ಕಟ್ಟಡ ಮುಗಿದು ಅಪ್ಪ ಅಮ್ಮ ಬೇರೆ ಸೈಟಿಗೆ ಹೋದರೆ ಮಕ್ಕಳೂ ಮಾಯ. ದಾಖಲೆ ಕೇಳಿ ಪಡೆಯುವುದಿಲ್ಲ, ಹೇಳಿ ಹೋಗುವುದೂ ಇಲ್ಲ.

ಇದಕ್ಕೆ ಅಕ್ಕೋರು ಒಂದು ಉಪಾಯ ಕಂಡುಕೊಂಡಿದ್ದರು. ಐದನೇ ತರಗತಿಗೆ ಬಂದ ಕೂಡಲೇ ಬೆಂಚಿನ ಜೋಡಿ ಮಾಡುತ್ತಿದ್ದರು. ಗಟ್ಟಿ ಮನೆ, ಗಟ್ಟಿ ವಿಳಾಸ ಇದ್ದವಳ ಪಕ್ಕದಲ್ಲಿ ವಿಳಾಸವೇ ಇಲ್ಲದವಳು. ಹುಡುಗರಿಗೂ ಹಾಗೆಯೇ. ಜೋಡಿ ಶಾಲೆಗೆ ಬರದಿದ್ದರೆ ನೀನು ಎದ್ದು ನಿಂತು ಅವಳೆಲ್ಲಿದ್ದಾಳೆ ಎಂದು ಹೇಳಬೇಕು. ಗೊತ್ತಿಲ್ಲವಾದರೆ ಸಂಜೆ ಅವಳ ಗುಡಿಸಲಿಗೆ ಹೋಗಿ ನೋಡಿಕೊಂಡು ಬರಬೇಕು. ನನಗೆ ಸಿಕ್ಕಿದ ಜೋಡಿ ಗುಲ್ಬರ್ಗಾ ಕಡೆಯವಳು. ಗಾರೆ ಕೆಲಸದವರ ಮಗಳು, ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬರುವವಳು, ಮಧ್ಯಾಹ್ನವಾದರೆ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುವವಳು. ನನ್ನ ಇಡ್ಲಿಯಲ್ಲಿ ಅವಳಿಗೆ ಅರ್ಧ, ಅವಳ ರೊಟ್ಟಿ, ಹಿಂಡಿ ಚಟ್ನಿಯಲ್ಲಿ ನನಗೆ ಅರ್ಧ. ಲೆಕ್ಕದಲ್ಲಿ ನನಗಿಂತ ಚುರುಕು. ಈ ಮಾತನ್ನು ಆಗ ನಾನು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

ನನ್ನ ಅಮ್ಮನಿಗೆ ಈ ಜೋಡಿ ಸರಿಬರಲಿಲ್ಲ. ಒಂದು ದಿನ ಶಾಲೆಗೇ ಬಂದರು. "ಟೀಚರ್, ಇವಳನ್ನು ಬೇರೆ ಕಡೆ ಕೂರಿಸ್ಲಿಕ್ಕೆ ಆಗ್ತದಾ? ತಲೆಯಲ್ಲಿ ಬರೀ ಹೇನು ಮಾರಾಯ್ರೆ" ಎಂದರು.

ಅಕ್ಕೋರು ಬರೆಯುವುದನ್ನು ನಿಲ್ಲಿಸಲಿಲ್ಲ. "ಹೇನಿಗೆ ಔಷಧ ಸಿಗ್ತದ್ರೀ. ಬೆಂಚ್ ಮಾತ್ರ ಬದಲಿ ಆಗೂದಿಲ್ಲ" ಎಂದರು. ಅಮ್ಮ ಮನೆಗೆ ಬಂದು ಎರಡು ದಿನ ಗೊಣಗಿದರು, ನನ್ನ ತಲೆಗೆ ಸೀಮೆಎಣ್ಣೆ ಹಚ್ಚಿ ಬಾಚಿದರು. ಬೆಂಚು ಬದಲಾಗಲಿಲ್ಲ.

ಏಳನೆಯದು ಮುಗಿಯುವ ಮೊದಲೇ ನನ್ನ ಜೋಡಿ ಬರುವುದು ನಿಂತಿತು. ಎರಡು ವರ್ಷದಲ್ಲಿ ಮದುವೆಯಾಯಿತು ಎಂದು ಕೇಳಿದೆ. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅಕ್ಕೋರ ಲೆಕ್ಕದಲ್ಲಿ ಅದು ಮುಗಿಯುವ ಕೆಲಸವೇ ಆಗಿರಲಿಲ್ಲ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಹಳೆಯ ಮಕ್ಕಳೆಲ್ಲ ಶಾಲೆಗೆ ಬರಬೇಕು. ನಾವು ಅದನ್ನು ಎಳ್ಳಿನ ಭಾನುವಾರ ಅನ್ನುತ್ತಿದ್ದೆವು. ಅಕ್ಕೋರು ವಾರವಿಡೀ ಕೂತು ಕುಸುರೆಳ್ಳು ಮಾಡಿರುತ್ತಿದ್ದರು. ಹಳೆಯ ಪರೀಕ್ಷೆಯ ಕಾಗದಗಳನ್ನು ಹರಿದು ಸಣ್ಣ ಸಣ್ಣ ಪೊಟ್ಟಣ ಕಟ್ಟಿರುತ್ತಿದ್ದರು. ಕೆಲವೊಮ್ಮೆ ಬಿಚ್ಚಿದರೆ ನಮ್ಮದೇ ತಪ್ಪು ಉತ್ತರ ಕೆಂಪು ಗೀಟಿನ ಜೊತೆ ಕಾಣುತ್ತಿತ್ತು. ಮೀಸೆ ಬಂದ ಗಂಡಸರು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸರು, ಎಲ್ಲರೂ ಆ ಗಿಡ್ಡ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂರಬೇಕು. ಆಮೇಲೆ ಹಾಜರಿ. ಒಂದೊಂದೇ ವರ್ಷದ ತರಗತಿ ಹಿಡಿದು ಹೆಸರು ಕರೆಯುತ್ತಿದ್ದರು. ಇದ್ದವರು "ಹಾಜರ್" ಅನ್ನಬೇಕು. ಬರದವರ ಹೆಸರು ಬಂದಾಗ ಅವರ ಜೋಡಿ ಎದ್ದು ನಿಲ್ಲಬೇಕು. ಅಕ್ಕೋರ ಪ್ರಶ್ನೆ ಮೂರೇ. ಎಲ್ಲಿದ್ದಾಳ? ಹ್ಯಾಂಗಿದ್ದಾಳ? ನೋಡಿ ಬಂದಿಯೇನ? ಮೂರಕ್ಕೂ ಉತ್ತರ ಕೊಟ್ಟವರಿಗೆ ಎರಡು ಪೊಟ್ಟಣ. ಒಂದು ತನಗೆ, ಒಂದು ಜೋಡಿಗೆ ಮುಟ್ಟಿಸಲು.

ಮೂರನೆಯ ಪ್ರಶ್ನೆಯಲ್ಲೇ ಎಲ್ಲರೂ ಸಿಕ್ಕಿಬೀಳುತ್ತಿದ್ದರು. ಒಮ್ಮೆ ಹೋಟೆಲಿನವರ ಮಗನೊಬ್ಬ ಎದ್ದು, ತನ್ನ ಜೋಡಿ ಭಿವಂಡಿಯ ಮಗ್ಗದಲ್ಲಿದ್ದಾನೆ, ಆರಾಮಾಗಿದ್ದಾನೆ, ಹೋದ ತಿಂಗಳು ನೋಡಿ ಬಂದೆ ಎಂದು ಗಂಟೆ ಹೊಡೆದ ಹಾಗೆ ಹೇಳಿದ. ಆ ಜೋಡಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. "ಏ, ನಾ ವಾಶಿಗೆ ಬಂದು ಎಲ್ಡ್ ವರ್ಷ ಆತಲೇ" ಎಂದ. ಖೋಲಿಯಲ್ಲಿ ನಗುವೋ ನಗು. ಅಕ್ಕೋರು ಮಾತ್ರ ನಗಲಿಲ್ಲ. ಹಾಜರಿ ಪುಸ್ತಕ ಮಡಚಿ, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸುತ್ತಾ ಬಹಳ ಹೊತ್ತು ಕೂತರು. ಆ ಹುಡುಗ ನಿಂತೇ ಇದ್ದ... ಕೂರು ಎಂದು ಅವರು ಹೇಳಲೇ ಇಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ಡೊಂಬಿವಲಿಗೆ ಬಂದಾಗಿತ್ತು. ಅಪ್ಪನಿಗೆ ಲಕ್ವ ಹೊಡೆದು ಒಂದು ಬದಿ ಬಿದ್ದಿತ್ತು. ನಾನು ಠಾಣೆಯ ಒಂದು ಕಂಪನಿಯಲ್ಲಿ ಟೈಪಿಸ್ಟ್. ಬೆಳಿಗ್ಗೆ ಅಪ್ಪನ ಸ್ನಾನ, ಊಟದ ಡಬ್ಬಿ, ಆಮೇಲೆ ಓಡಿ ಓಡಿ ಟ್ರೇನಿನ ಲೇಡೀಸ್ ಡಬ್ಬಿಗೆ ನೇತಾಡುವುದು. ಸಂಜೆ ಅದೇ ದಾರಿ ತಿರುಗಾ. ವಾರಕ್ಕೊಂದು ಭಾನುವಾರ, ಅದರಲ್ಲಿ ವಾರದ ಬಟ್ಟೆ, ರೇಷನ್, ಡಾಕ್ಟರು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಇಪ್ಪತ್ತಮೂರನೇ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಒಂದೇ, ಮಲಗಲು ಒಂದು ಇಡೀ ದಿನ.

ಎಳ್ಳಿನ ಭಾನುವಾರಕ್ಕೆ ಆದರೂ ಹೋಗುತ್ತಿದ್ದೆ. ನನ್ನ ಜೋಡಿ ಆಗ ಕಲ್ಯಾಣದಾಚೆ ಇದ್ದಳು, ಭಿವಂಡಿಗೆ ಹೋಗುವ ರಸ್ತೆಯಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ದಾಟಿದ ಮೇಲೆ ಸಿಗುವ ಝೋಪಡಪಟ್ಟಿಯಲ್ಲಿ. ಗಂಡ ಗೋದಾಮಿನಲ್ಲಿ ಹಮಾಲ. ಮೊದಲ ಒಂದೆರಡು ವರ್ಷ ಪೊಟ್ಟಣ ಹಿಡಿದು ಹೋಗಿ ಬಂದಿದ್ದೆ. ಕಲ್ಯಾಣ ಅಂದರೆ ಡೊಂಬಿವಲಿಯಿಂದ ಎರಡೇ ಸ್ಟೇಷನ್, ಅಲ್ಲಿಂದ ಬಸ್ಸು. ಮೂರನೇ ವರ್ಷ ಹೋಗಲಾಗಲಿಲ್ಲ. ನಾಲ್ಕನೇ ವರ್ಷ ಅವಳ ಪಾಲಿನ ಪೊಟ್ಟಣವನ್ನು ಟ್ರೇನಿನಲ್ಲೇ ಬಿಚ್ಚಿದೆ. ಹಸಿವಾಗಿತ್ತು, ಕಿಟಕಿಯ ಸೀಟು ಸಿಕ್ಕಿತ್ತು. ಕಳವಾ ದಾಟುವಾಗ ಒಂದು ಕಾಳು ಬಾಯಿಗೆ ಹಾಕಿದವಳು ಮುಂಬ್ರಾ ಬರುವಷ್ಟರಲ್ಲಿ ಪೂರ್ತಿ ಮುಗಿಸಿದ್ದೆ. ಮರುವರ್ಷ ಅಕ್ಕೋರು ಕೇಳಿದಾಗ ಎದ್ದು ನಿಂತು ಆರಾಮಾಗಿದ್ದಾಳೆ ಅಂದೆ. ನೋಡಿ ಬಂದಿಯೇನ? ಹೂಂ ಅಂದೆ. ಅಷ್ಟು ಸುಲಭದ ಮಾತು ಅದು ಎಂದು ನನಗೇ ಆಶ್ಚರ್ಯವಾಯಿತು.

ಹಾಗೆ ಇನ್ನೊಂದು ವರ್ಷ ಕಳೆದಿರಬೇಕು. ಒಂದು ಎಳ್ಳಿನ ಭಾನುವಾರ ಹಾಜರಿ ಮುಗಿದ ಮೇಲೆ ಅಕ್ಕೋರು ಯಾರನ್ನೂ ಏಳಲು ಬಿಡಲಿಲ್ಲ. ಶಾಲೆ ಏಪ್ರಿಲ್‌ಗೆ ಮುಚ್ಚುತ್ತದೆ ಎಂದರು. ನಮಗೆ ಯಾರಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ. ನಮ್ಮ ಕಡೆಯವರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಗಾರೆಯವರು ನವಿ ಮುಂಬಯಿಯ ಹೊಸ ಕಟ್ಟಡಗಳ ಕಡೆ ಹೊರಟು ಹೋಗಿದ್ದರು. ಒಂದನೇ ತರಗತಿಯಲ್ಲಿ ಆರು ಮಕ್ಕಳು. ಹೊಸದೇನಿದ್ದರೆ ಅದು ಅಕ್ಕೋರು ಆಮೇಲೆ ಹೇಳಿದ್ದು. ಶಾಲೆಯ ಪುಸ್ತಕಗಳನ್ನೆಲ್ಲ ಕಟ್ಟಿ ಒಂದು ಕಚೇರಿಗೆ ಒಪ್ಪಿಸಬೇಕು. ಅದೆಲ್ಲ ಕನ್ನಡದಲ್ಲಿ ಬರೆದದ್ದು, ಅಲ್ಲಿ ಓದುವವರು ಯಾರು? ಶಾಲೆ ಬಿಟ್ಟ ದಾಖಲೆ, ನಾವೆಲ್ಲ ಎಲ್‌ಸಿ ಅನ್ನುತ್ತಿದ್ದ ಆ ಕಾಗದವನ್ನು ಪಡೆಯದೆ ಹೋದ ಮಕ್ಕಳೇ ಹೆಚ್ಚು. ಇನ್ನು ಮೂರು ತಿಂಗಳಲ್ಲಿ ಒಬ್ಬೊಬ್ಬರನ್ನೂ ಹುಡುಕಿ ಅವರವರ ಎಲ್‌ಸಿ ಅವರವರ ಕೈಗೆ ಕೊಡಬೇಕು. ಇಷ್ಟು ವರ್ಷ ಎಳ್ಳು ಕಟ್ಟಿ ಕೊಟ್ಟು, ಯಾರೆಲ್ಲಿದ್ದಾರೆ ಎಂದು ಕೇಳುತ್ತಾ ಬಂದದ್ದು ಯಾತಕ್ಕೆ ಎಂದು ನನಗೆ ಹೊಳೆದದ್ದು ಅವತ್ತು.

ಅಕ್ಕೋರು ಎಲ್ಲವನ್ನೂ ಮೊದಲೇ ಬರೆದು ಮೊಹರು ಒತ್ತಿ ಇಟ್ಟಿದ್ದರು. ಆ ಖೋಲಿ ತುಂಬ ಶಾಯಿಯ ವಾಸನೆ. ಜೋಡಿಗಳನ್ನು ಕರೆದು ಕರೆದು ಕೊಟ್ಟರು. ಐರೋಲಿ, ಕೋಪರ್‌ಖೈರಣೆ, ನೆರೂಳಿನ ಸೈಟುಗಳನ್ನು ತಾವೇ ಸುತ್ತುವುದೆಂದು ಇಟ್ಟುಕೊಂಡಿದ್ದರು, ಆ ನೋಯುವ ಮಂಡಿ ಇಟ್ಟುಕೊಂಡು.

ನನ್ನ ಕೈಗೆ ಕಾಗದ ಕೊಡುವಾಗ ಅಕ್ಕೋರು ನನ್ನ ಮಣಿಕಟ್ಟು ಹಿಡಿದುಕೊಂಡರು. "ತಂಗಿ, ಹೋಳಿ ಆದ ಮ್ಯಾಲ ಆಕಿ ಇರೋ ಕಡೆ ಝೋಪಡಿಗಳಿಗೆ ನಂಬರ್ ಹಾಕಲಿಕ್ಕೆ ಬರ್ತಾರಂತ. ರೇಷನ್ ಕಾರ್ಡ್ ಇಲ್ಲದವರಿಗೆ ನಂಬರ್ ಇಲ್ಲ, ನಂಬರ್ ಇಲ್ಲದ ಝೋಪಡಿ ಕಿತ್ತ ಹಾಕ್ತಾರ. ಆಕಿ ಈ ಕಡೆನ ಬೆಳೆದಾಕಿ ಅಂತ ತೋರಸಲಿಕ್ಕೆ ಇದೊಂದ ಕಾಗದ. ಹೋಳಿಯೊಳಗ ಮುಟ್ಟಬೇಕು. ನಿನಗ ಎರಡ ಸ್ಟೇಷನ್."

ಹೂಂ ಅಂದೆ. ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪರ್ಸಿಗೆ ಹಾಕಿಕೊಂಡೆ.

ಏನಾಯಿತು ಎಂದು ಕೇಳಿದರೆ ಹೇಳಲು ದೊಡ್ಡ ಕಾರಣವೇ ಇಲ್ಲ. ಮೊದಲ ಭಾನುವಾರ ಅಪ್ಪನಿಗೆ ಜ್ವರ. ಎರಡನೆಯದು ಹಳಿ ರಿಪೇರಿಯ ಮೆಗಾ ಬ್ಲಾಕ್, ಟ್ರೇನಿಲ್ಲ. ಮೂರನೆಯದರಂದು ಹೊರಟೆ, ಕಲ್ಯಾಣದಲ್ಲಿ ಇಳಿದೆ. ಭಿವಂಡಿಯ ಬಸ್ಸಿಗೆ ಇಷ್ಟುದ್ದ ಸಾಲು. ಅರ್ಧ ಗಂಟೆ ನಿಂತೆ. ಬಂದ ಬಸ್ಸಿಗೆ ಹತ್ತಲು ಆಗಲಿಲ್ಲ, ಕಾಲು ನೋಯುತ್ತಿತ್ತು. ಮುಂದಿನ ವಾರ ಬಂದರಾಯಿತು ಎಂದು ಸ್ಟೇಷನ್ನಿಗೆ ತಿರುಗಿದೆ, ಬರುವಾಗ ಮಾರ್ಕೆಟಿನಲ್ಲಿ ಅಗ್ಗದ ಬಟಾಣಿ ಎರಡು ಕಿಲೋ ತಗೊಂಡೆ. ಬಟಾಣಿ ಸುಲಿಯುತ್ತಾ ಕೂತಲ್ಲೇ ತೂಕಡಿಸಿದ್ದೂ ನೆನಪಿದೆ. ಆಮೇಲಿನ ವಾರಗಳಲ್ಲಿ ಏನೇನಿತ್ತೋ... ನೆನಪಿಲ್ಲ. ಹೋಳಿ ಬಂತು, ಹೋಯಿತು. ಹೋಳಿ ಹೋದ ಮೇಲೆ ಆ ಕಾಗದವನ್ನು ಕಂಡರೇ ನನಗೆ ಹೆದರಿಕೆಯಾಗತೊಡಗಿತು. ಪರ್ಸಿನಿಂದ ತೆಗೆದು ಸೂಟ್‌ಕೇಸಿನಲ್ಲಿ ಸೀರೆಗಳ ಕೆಳಗಿಟ್ಟೆ.

ಏಪ್ರಿಲ್ ಕೊನೆಯ ಭಾನುವಾರ ಶಾಲೆಯ ಕೊನೆಯ ಹಾಜರಿ. ಬೆಂಚುಗಳನ್ನು ಯಾರೋ ಕೊಂಡು ಒಯ್ದಿದ್ದರು, ನೆಲದ ಮೇಲೆ ಜಮಖಾನೆ ಹಾಸಿತ್ತು. ಅಕ್ಕೋರು ಬಿಸಿಲಿನಲ್ಲಿ ಅಲೆದು ಕಪ್ಪಾಗಿದ್ದರು, ಪಾದ ಊದಿ ಚಪ್ಪಲಿಯ ಪಟ್ಟಿ ಬಿಗಿಯಾಗಿತ್ತು. ಪುಸ್ತಕದಲ್ಲಿ ಎಲ್ಲ ಹೆಸರಿನ ಮುಂದೆಯೂ ಗುರುತು ಬಿದ್ದಿತ್ತು, ಐದಾರು ಮಾತ್ರ ಬಾಕಿ. ನನ್ನ ಜೋಡಿಯ ಹೆಸರು ಕರೆದರು. ಎದ್ದು ನಿಂತೆ.

"ಮುಟ್ಟಿಸಿದಿ?"

"ಕೊಟ್ಟೆ ಅಕ್ಕೋರೆ."

"ನೋಡಿ ಬಂದಿ? ಆರಾಮ ಇದ್ದಾಳ?"

"ಹೂಂ. ಆರಾಮಾಗಿದ್ದಾಳೆ."

ಅಕ್ಕೋರು ನನ್ನನ್ನೇ ನೋಡಿದರು. ಬೈಯುವ ನೋಟವಲ್ಲ ಅದು. ದಣಿದವರು ಕುರ್ಚಿ ಎಲ್ಲಿದೆ ಎಂದು ನೋಡುತ್ತಾರಲ್ಲ, ಹಾಗೆ. ಆಮೇಲೆ ತಲೆ ಬಗ್ಗಿಸಿ ಗುರುತು ಹಾಕಿದರು. ಪಾಪ, ಬಿಸಿಲಿಗೆ ಸುಸ್ತಾಗಿದ್ದಾರೆ ಎಂದುಕೊಂಡೆ ನಾನು.

ಮರುವಾರವೇ ಓಡಿದೆ. ತಪ್ಪು ಮಾಡಿದ ಮೇಲೆ ನಮಗೆಲ್ಲ ಎಲ್ಲಿಂದಲೋ ಶಕ್ತಿ ಬಂದುಬಿಡುತ್ತದೆ. ಖಾಡಿಯ ಸೇತುವೆ ದಾಟಿ ಇಳಿದೆ. ಎಷ್ಟೋ ಬಾಗಿಲುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬಿದ್ದಿತ್ತು, ಕೆಲವು ಬಾಗಿಲುಗಳು ಬರಿದಾಗಿದ್ದವು, ಒಂದು ಕಡೆ ಸಾಲಾಗಿ ಝೋಪಡಿಗಳನ್ನು ಕಿತ್ತು ನೆಲ ಸಪಾಟು ಮಾಡಿದ್ದರು. ಅವಳು ಮೊದಲಿದ್ದದ್ದು ಸರಿಸುಮಾರು ಅಲ್ಲೇ ಎಂದು ನನಗನಿಸಿತು, ನಾನು ಆ ಕಡೆ ಬಂದು ವರ್ಷಗಳೇ ಆಗಿದ್ದವು. ಶಾಲೆಯ ಪುಸ್ತಕದಲ್ಲಿದ್ದ ಹೆಸರು ಹೇಳಿ ಹೇಳಿ ಕೇಳಿದೆ. ಯಾರಿಗೂ ಗೊತ್ತಿಲ್ಲ. ಸಪಾಟಾದ ಆ ಜಾಗವನ್ನು ನೋಡುತ್ತಾ ನಿಂತೆ. ನಾನು ಮಾಡಿದ್ದು ಇದು ಎಂದುಕೊಂಡೆ. ಬಟಾಣಿ ಕೊಂಡು ಮನೆಗೆ ಹೋದೆನಲ್ಲ, ಅದರ ಫಲ ಇದು ಎಂದುಕೊಂಡೆ.

ಅಕ್ಕೋರ ಹತ್ತಿರ ಹೋಗಿ ಹೇಳಿಬಿಡಬೇಕಿತ್ತು. ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ನಾನು ಹೋಗಲಿಲ್ಲ. ಶಾಲೆ ಮುಚ್ಚಿದ ಮೇಲೂ ಅವರು ಕೋಪರಿಯಲ್ಲಿ ತಮ್ಮ ಒಂದು ಖೋಲಿಯ ಮನೆಯಲ್ಲೇ ಎಳ್ಳಿನ ಭಾನುವಾರ ಮಾಡುತ್ತಿದ್ದರಂತೆ. ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡಿದ್ದರಂತೆ. ಎರಡು ಸಲ ನನಗೆ ಹೇಳಿ ಕಳಿಸಿದರು, ಆಕಿ ಯಾಕ ಬರಲೊಲ್ಲಳು ಎಂದು. ಒಮ್ಮೆ ಆಫೀಸಿನ ಕೆಲಸ ಅಂದೆ, ಒಮ್ಮೆ ಮದುವೆಯ ಓಡಾಟ ಅಂದೆ. ಮದುವೆಯ ಕಾಗದವನ್ನೂ ಕಳಿಸಲಿಲ್ಲ. ನೆರೂಳಿಗೆ ಬಂದ ಮೇಲೆ ಹೊಸ ವಿಳಾಸ ಹಳೆಯವರಿಗೆ ಯಾರಿಗೂ ಕೊಡಲಿಲ್ಲ. ಎಷ್ಟೋ ವರ್ಷ ಠಾಣೆಯಲ್ಲಿ ಇಳಿದು ಹತ್ತಿದ್ದೇನೆ. ಕೋಪರಿ ಇರುವುದು ಪೂರ್ವಕ್ಕೆ, ನಾನು ಯಾವಾಗಲೂ ಪಶ್ಚಿಮದ ಮೆಟ್ಟಿಲು ಇಳಿದೆ. ಅಕ್ಕೋರು ತೀರಿಕೊಂಡದ್ದು ನನಗೆ ತಿಳಿದದ್ದು ಎರಡು ವರ್ಷ ತಡವಾಗಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿದ್ದವರು ಪಾಯಸ ಬಡಿಸಿಕೊಳ್ಳುತ್ತಾ ಹೇಳಿದರು. ನಾನು ಊಟ ಮುಗಿಸಿಯೇ ಎದ್ದೆ, ನಡುವೆಯೇ ಯಾಕೆ ಎದ್ದಳು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಸೊಸೈಟಿ ಆಫೀಸಿನಿಂದ ಬಂದ ಸಂಜೆ ಸೂಟ್‌ಕೇಸ್ ತೆಗೆದೆ. ಪ್ಲಾಸ್ಟಿಕ್ ಚೀಲ ಹಳದಿಯಾಗಿತ್ತು, ಒಳಗೆ ಕಾಗದ ಹಾಗೇ ಇತ್ತು. ಇಷ್ಟು ವರ್ಷದಲ್ಲಿ ಅದನ್ನು ಒಮ್ಮೆಯೂ ಬಿಡಿಸಿ ಓದಿರಲಿಲ್ಲ ನಾನು. ಹೆಸರಿನ ಕೆಳಗೆ ಹುಟ್ಟಿದ ಊರು ಎಂಬಲ್ಲಿ ಅಕ್ಕೋರ ದುಂಡು ಅಕ್ಷರದಲ್ಲಿ ಸೇಡಂ ಕಡೆಯ ಒಂದು ಹಳ್ಳಿಯ ಹೆಸರಿತ್ತು. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆ ಜನ ಇಲ್ಲಿ ಊರಿಗೆ ಊರೇ ಒಂದು ಕಡೆ ಇರುತ್ತಾರೆ, ಊರಿನ ಹೆಸರು ಹೇಳಿದರೆ ಮನೆ ಬಾಗಿಲಿಗೇ ಬಿಡುತ್ತಾರೆ. ಮದುವೆಯಾದ ಹೆಂಗಸನ್ನು ಶಾಲೆಯ ಹೆಸರಿನಿಂದ ಯಾರು ಗುರುತಿಸುತ್ತಾರೆ? ನಾನು ಅವತ್ತು ಊರು ಕೇಳಲೇ ಇಲ್ಲ. ಮೂರು ವರ್ಷ ಪಕ್ಕದಲ್ಲಿ ಕೂತಿದ್ದವಳ ಊರು ಯಾವುದೆಂದು ನನಗೆ ಗೊತ್ತೇ ಇರಲಿಲ್ಲ.

ಭಾನುವಾರ ಕಲ್ಯಾಣಕ್ಕೆ ಹೋದೆ. ಸೇತುವೆಯಾಚೆ ಈಗ ಗುರುತೇ ಸಿಗದು. ಚಹಾದ ಟಪರಿಯ ಎದುರು ಬುಟ್ಟಿ ಸಲಿಕೆ ಇಟ್ಟುಕೊಂಡು ಕೂತಿದ್ದ ಹೆಂಗಸರಲ್ಲಿ ಹಳ್ಳಿಯ ಹೆಸರು ಹೇಳಿದೆ. ಒಬ್ಬ ಮುದುಕಿ ಎದ್ದು, "ಬರ್ರಿ" ಎಂದು ಮುಂದೆ ನಡೆದಳು. ಎರಡು ಗಲ್ಲಿ ದಾಟಿದರೆ ಸಿಮೆಂಟ್ ಶೀಟಿನ ಎರಡು ಖೋಲಿಯ ಮನೆ. ಬಾಗಿಲಲ್ಲಿದ್ದ ಹುಡುಗಿ ನನ್ನನ್ನು ನೋಡಿ ಒಳಗೆ ಕೂಗಿದಳು, "ಆಯೀ, ಕೋಣೀತರೀ ಆಲಂಯ್!" ಅಮ್ಮಾ, ಯಾರೋ ಬಂದಿದ್ದಾರೆ ಎಂದು, ಮರಾಠಿಯಲ್ಲಿ.

ನನ್ನ ಜೋಡಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಹೆಸರು ಹೇಳುವ ಅಗತ್ಯವೇ ಬರಲಿಲ್ಲ. "ಈಗ ಬಂದಿ?" ಎಂದಳು, ನಿನ್ನೆ ಬರುವೆನೆಂದವಳನ್ನು ಕೇಳಿದ ಹಾಗೆ.

ಒಳಗೆ ಕೂರುವ ಮೊದಲೇ ಕಾಗದ ಮುಂದೆ ಹಿಡಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮಗಳಿಗೆ ಹೇಳಿ ಟ್ರಂಕಿನಿಂದ ಒಂದು ಕಾಗದ ತೆಗೆಸಿದಳು. ಲ್ಯಾಮಿನೇಶನ್ ಮಾಡಿಸಿದ್ದು. ಅದೇ ಎಲ್‌ಸಿ, ಅದೇ ದುಂಡು ಅಕ್ಷರ, ಅದೇ ಮೊಹರು.

"ಹೋಳಿ ನಾಕ್ ದಿನ ಅದ ಅನ್ನಾಗ ನಾನ ಕೂಸಿಗೆ ಎತ್ಕೊಂಡು ಸಾಲಿಗಿ ಹೋಗಿದ್ದೆ. ಕಾಗದಾ ಜೋಡಿಗಳ ಕೈಯಾಗ ಕೊಟ್ಟಾರ ಅಂತ ಸುದ್ದಿ ಬಂದಿತ್ತು, ನೀ ಬರ್ತಿ ಬರ್ತಿ ಅಂತ ನೋಡ್ದೆ, ಬರಲಿಲ್ಲ. ಅಕ್ಕೋರು ಆಗಿಂದಾಗನ ಇನ್ನೊಂದು ಬರ್ದು ಕೊಟ್ರು. ನಂಬರ್ ಬಿತ್ತು, ಜಾಗಾ ಉಳೀತು."

ಅಂದರೆ ಕೊನೆಯ ಹಾಜರಿಯ ದಿನ ನಾನು ಕೊಟ್ಟೆ ಎಂದು ಹೇಳುವಾಗ ಅಕ್ಕೋರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕೇಳಿದರು. ಅವಳಿಗೂ ಹೇಳಿಟ್ಟಿದ್ದರಂತೆ, ನೀ ಏನೂ ಅನ್ನಬ್ಯಾಡ, ಆಕೀನ ಬಂದು ಹೇಳಲಿ ಎಂದು. ನಾನು ಹೆದರಿ ದೂರ ಹೋದ ಅಷ್ಟೂ ವರ್ಷ ಅವರು ಆ ಖೋಲಿಯಲ್ಲಿ ನನ್ನ ದಾರಿ ನೋಡುತ್ತಿದ್ದರು. ನಾನು ಅಳಬಾರದು ಎಂದುಕೊಂಡಿದ್ದೆ. ಅತ್ತೆ. ಅವಳ ಮಗಳು ಗಾಬರಿಯಾಗಿ ನೀರು ತಂದಿಟ್ಟಳು.

ಶಾಲೆ ಮುಚ್ಚಿದ ಮೇಲೆ ನನ್ನ ಜೋಡಿ ಮಾತ್ರ ಒಂದು ವರ್ಷವೂ ತಪ್ಪಿಸಿರಲಿಲ್ಲ. ಹದಿನಾಲ್ಕು ಸಂಕ್ರಾಂತಿ. ಬಸ್ಸು, ಟ್ರೇನು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಕೋಪರಿಗೆ ಹೋಗುತ್ತಿದ್ದಳು. ಮೊದಮೊದಲು ಇಪ್ಪತ್ತು ಜನ, ಆಮೇಲೆ ಹತ್ತು, ಆಮೇಲೆ ಮೂರು ನಾಲ್ಕು. ಅಕ್ಕೋರು ನೋಟ್‌ಬುಕ್ ಹಿಡಿದು ಎಲ್ಲರ ಹೆಸರೂ ಕರೆಯುತ್ತಿದ್ದರಂತೆ. ನನ್ನ ಹೆಸರು ಬಂದಾಗ ಏಳಬೇಕಾದವಳು ಅವಳು.

"ನೀನು ಎಂತ ಹೇಳಿದಿ ಅವರಿಗೆ?" ಎಂದು ಕೇಳಿದೆ.

"ಏನ್ ಹೇಳ್ಲಿ? ಆರಾಮ ಅದಾಳ್ರಿ ಅಂದೆ."

"ನೋಡಿ ಬಂದಿಯೇನ ಅಂತ ಕೇಳಲಿಲ್ವಾ?"

"ಕೇಳಲಾರದ ಬಿಡ್ತಾರಾ? ನೋಡೀನ್ರಿ, ಹ್ವಾದ ವಾರನ ಹೋಗಿದ್ದೆ ಅಂದೆ. ಪ್ರತಿ ವರ್ಷ ಹಂಗ ಅಂದೆ." ಅವಳು ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಿದ್ದಳು. "ಕಡೀ ವರ್ಷ ಹಾಸಗಿ ಹಿಡ್ದಿದ್ರು. ಬುಕ್ ತೆಗೀಲಿಲ್ಲ, ಬಾಯಿಲೇನ ಎಲ್ಲಾರ ಹೆಸರು ಕರದ್ರು. ನಿಂದೂ ಕರದ್ರು. ನಾ ಎದ್ದು ನಿಂತು ಅದನ್ನ ಹೇಳ್ದೆ. ನನ್ನ ಕೈ ಹಿಡ್ಕೊಂಡು, ಆಕೀನೂ ಅವತ್ತ ಹಿಂಗ ಅಂದಿದ್ಲು ನೋಡು ಅಂದ್ರು. ಮುಂದ ಏನೂ ಕೇಳಲಿಲ್ಲ."

ಹೊರಡುವಾಗ ಅವಳು ನನ್ನ ಮನೆಯ ವಿಳಾಸ ಕೇಳಿದಳು. ಕಟ್ಟಡದ ಹೆಸರು, ಮಹಡಿ, ಸ್ಟೇಷನ್ನಿನ ಯಾವ ಬದಿಗೆ ಇಳಿಯಬೇಕು, ಎಲ್ಲ ಎರಡೆರಡು ಸಲ ಹೇಳಿಸಿಕೊಂಡು ಮಗಳ ಕೈಯಲ್ಲಿ ಮೊಬೈಲಿನಲ್ಲಿ ಬರೆಸಿದಳು. ಸಂಕ್ರಾಂತಿಗೆ ಬರುತ್ತೇನೆ ಎಂದಳು. ಬಸ್‌ಸ್ಟಾಪಿನವರೆಗೂ ಬಂದು ನಿಂತಳು.

ಈಗ ಹೆಸರು ಕರೆದರೆ ನಾವಿಬ್ಬರೂ ಎದ್ದು ನಿಂತು ನೋಡಿ ಬಂದೆ ಎಂದು ನಿಜವನ್ನೇ ಹೇಳಬಹುದು. ಕರೆಯುವವರು ಇಲ್ಲ.